ಇನ್ನೂರು ಜನರಿಗೆ ಒಂದೇ ನಂಬರು

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನ ಮನೆಗೆ ಬಂದು ಮೊದಲು ಕೇಳುವುದು, "ಲೀಲಕ್ಕ, ಒಂದು ರಿಟರ್ನಿಗೆ ಎಷ್ಟು ತಗೋತಿದ್ರಿ?" ಎಂದು. ಎರಡನೆಯದು, "ರಿಫಂಡ್ ಜಾಸ್ತಿ ಬರೋ ಹಂಗೆ ಮಾಡೋದು ಹ್ಯಾಂಗೆ?" ಮೂರನೆಯ ಪ್ರಶ್ನೆಯವರೆಗೆ ನನ್ನ ತಾಳ್ಮೆ ಉಳಿದದ್ದಿಲ್ಲ. ಚಹಾ ಕೊಟ್ಟು ಕಳಿಸಿಬಿಡುತ್ತೇನೆ. ಕಳಿಸಿದ ಮೇಲೆ ಬೇಸರವಾಗುತ್ತದೆ, ಯಾಕೆಂದರೆ ಅವರಿಗೆ ಹೇಳಬೇಕಾದದ್ದು ಬೇರೆಯೇ ಇತ್ತು. ಬಾಯಲ್ಲಿ ಹೇಳಹೋದರೆ ಸಿಟ್ಟಿನಲ್ಲಿ ಅರ್ಧ ಮಾತು ನುಂಗಿಹೋಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಶಿರಸಿಯ ಒಂದು ಮಹಡಿ ಕೋಣೆಯಲ್ಲಿ ಕೂತು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನರ ಆದಾಯ ತೆರಿಗೆ ರಿಟರ್ನ್ ತುಂಬಿದವಳು ನಾನು. ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ವಕೀಲೆಯೂ ಅಲ್ಲ. ಬನವಾಸಿ ಕಡೆಯ ಒಕ್ಕಲು ಮನೆಯ ಹುಡುಗಿ, ಬಿ.ಕಾಂ. ಮುಗಿಸಿ ಟೈಪಿಂಗ್ ಕಲಿತು ಒಬ್ಬ ತೆರಿಗೆ ವಕೀಲರ ಬಳಿ ಸೇರಿದೆ. ಆಮೇಲೆ ಅವರ ಕಕ್ಷಿದಾರರೇ ನನ್ನ ಕಕ್ಷಿದಾರರಾದರು. ಜನ ನನ್ನನ್ನು 'ಟ್ಯಾಕ್ಸಿನ ಅಕ್ಕ' ಎಂದು ಕರೆದರು. ನಾನು ಏನೇನು ಆದೆ, ಯಾವಾಗ ಆದೆ ಎಂಬುದರಲ್ಲಿ ಯಾರಿಗೂ ಪ್ರಯೋಜನವಿಲ್ಲ. ಎಲ್ಲಿ ಕೆಟ್ಟೆ ಎಂಬುದರಲ್ಲಿ ಇದೆ.

ನಮ್ಮ ವಕೀಲರನ್ನು ವಕೀಲರು ಎಂದಷ್ಟೇ ಕರೆಯುತ್ತೇನೆ. ಹೋದವರ ಹೆಸರು ಹಿಡಿದು ದೂರುವುದು ನನಗೆ ಇಷ್ಟವಿಲ್ಲ, ದೂರದೆ ಇರಲೂ ಆಗುವುದಿಲ್ಲ. ಸೇರಿದ ಮೊದಲ ವರ್ಷ ನಾನು ಬಿಳಗಿಯ ಒಬ್ಬ ದಿನಸಿ ವ್ಯಾಪಾರಿಯ ರಿಟರ್ನ್ ಟೈಪ್ ಮಾಡುವಾಗ ಕಾರ್ಬನ್ ಹಾಳೆಯನ್ನು ಉಲ್ಟಾ ಇಟ್ಟಿದ್ದೆ. ಮುಂಬದಿಗೆ ಒಂದು ರಿಟರ್ನ್, ಅದೇ ಹಾಳೆಯ ಬೆನ್ನಿಗೆ ಕನ್ನಡಿಯಲ್ಲಿ ಕಂಡಂಥ ಇನ್ನೊಂದು. ವಕೀಲರು ತಿರುಗಿಸಿ ನೋಡದೆ ಸಹಿ ಹಾಕಿಸಿ ಕೊಟ್ಟುಬಿಟ್ಟರು. ತೆರಿಗೆ ಅಧಿಕಾರಿ ಕರೆಸಿ, "ಇದು ಯಾವ ದೇಶದ ಲಿಪಿ?" ಎಂದು ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ವಕೀಲರು ನನ್ನ ಕಡೆ ನೋಡಲೂ ಇಲ್ಲ. "ಈಗಿನ ಕಾರ್ಬನ್ ಸರಿ ಬತ್ತಿಲ್ಲೆ ಸ್ವಾಮಿ, ಕಂಪನಿಯವ್ರು ಎರಡೂ ಬದಿ ಮಸಿ ಹಾಕ್ತ" ಎಂದರು. ಅಧಿಕಾರಿ ನಕ್ಕು ಬಿಟ್ಟರು. ಆ ದಿನ ವಕೀಲರು ನನಗೆ ದೇವರ ಹಾಗೆ ಕಂಡರು. ಈಗ ಯೋಚಿಸಿದರೆ ಮೈ ಉರಿಯುತ್ತದೆ. ತಪ್ಪು ಯಾವತ್ತೂ ನಮ್ಮದಲ್ಲ ಎಂಬ ಪಾಠ ನನ್ನ ತಲೆಗೆ ಹೊಕ್ಕಿದ್ದು ಅಲ್ಲಿಯೇ.

ಎರಡನೆಯ ಪಾಠವೂ ಅವರದೇ. ಒಮ್ಮೆ ಒಬ್ಬ ಗುಮಾಸ್ತರ ರಿಟರ್ನ್ ತುಂಬುವಾಗ, ಅವರ ತಾಯಿಯ ಔಷಧಿಯ ಖರ್ಚು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. ಗುಮಾಸ್ತರ ಮುಖ ಸಣ್ಣದಾಯಿತು. ಅವರು ಹೋದ ಮೇಲೆ ವಕೀಲರು ನನ್ನನ್ನು ಕರೆದು, "ತಂಗೀ, ಅವ್ರಾಗಿ ಹೇಳದ್ದನ್ನ ನಾವು ಕೇಳ್ಲಾಗ. ಮನೆ ವಿಚಾರ ಮನೇಲಿರ್ಲಿ. ಸಂಬಳದ ಕಾಗದ ಕೊಟ್ಟ, ತುಂಬು, ಮುಗತ್ತು" ಎಂದರು. ನಮ್ಮ ಕಡೆ ಇದು ದೊಡ್ಡ ಸಭ್ಯತೆ. ಊಟ ಆಯ್ತಾ ಎಂದು ಹತ್ತು ಸಲ ಕೇಳುತ್ತೇವೆ, ಒಳಕೋಣೆಯಲ್ಲಿ ಕೆಮ್ಮಿದ್ದು ಯಾರು ಎಂದು ಕೇಳುವುದಿಲ್ಲ. ಹೀಗೆ ಕೇಳದೆ ಕೂತ ಸಭ್ಯತೆಯಿಂದ ಎಷ್ಟು ಮನೆಗಳಿಗೆ ನ್ಯಾಯವಾಗಿ ಸಿಗಬೇಕಾದ ವಿನಾಯಿತಿ ಸಿಗದೆ ಹೋಯಿತೋ, ಅದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ.

ಕೆಲಸದ ರೀತಿ ಮೂರು ಸಲ ಬದಲಾಯಿತು. ಮೊದಲು ಕಾರ್ಬನ್ ಪ್ರತಿ, ಮೊಹರು. ಆಮೇಲೆ ಕಂಪ್ಯೂಟರಿನಲ್ಲಿ ತುಂಬಿ, ಸಹಿ ಮಾಡಿದ ಒಂದು ಹಾಳೆಯನ್ನು ಬೆಂಗಳೂರಿಗೆ ಅಂಚೆಯಲ್ಲಿ ಕಳಿಸುವುದು. ಹಾಳೆಯಲ್ಲಿ ಪಟ್ಟೆ ಪಟ್ಟೆ ಗುರುತಿರುತ್ತಿತ್ತು, ಅದರ ಮೇಲೆ ಮಡಿಕೆ ಬಿದ್ದರೆ ಸ್ವೀಕಾರವಿಲ್ಲ. ಒಬ್ಬರು ಎಂಟು ಮಡಿಕೆ ಮಾಡಿ ಜೇಬಿನಲ್ಲಿಟ್ಟು ತಂದುಕೊಟ್ಟು, "ಎಂತ ಆಗ್ತು ಅದಕ್ಕೆ, ಇಸ್ತ್ರಿ ಮಾಡಿದ್ರೆ ಸರಿ ಆಗ್ತು" ಎಂದು ನನಗೇ ಬುದ್ಧಿ ಹೇಳಿದ್ದರು. ಮೂರನೆಯದು ಈಗಿನದು, ಎಲ್ಲವೂ ಪೋರ್ಟಲ್, ಎಲ್ಲದಕ್ಕೂ ಒಂದು ಓಟಿಪಿ.

ನನ್ನ ಪತನ ಶುರುವಾದದ್ದು ಓಟಿಪಿಯಿಂದ. ಪ್ರತಿಯೊಬ್ಬ ಕಕ್ಷಿದಾರರ ಖಾತೆಗೆ ಒಂದು ಮೊಬೈಲ್ ನಂಬರು, ಒಂದು ಇಮೇಲ್ ವಿಳಾಸ ಬೇಕು. ಅರ್ಧ ಜನರಿಗೆ ಇಮೇಲ್ ಎಂದರೆ ಗೊತ್ತಿರಲಿಲ್ಲ. ಇನ್ನರ್ಧ ಜನರ ಮನೆಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಹುಲಗೋಳದ ಒಬ್ಬ ಹಿರಿಯರು ಸಿಗ್ನಲ್ ಸಿಗುವ ಜಾಗದಲ್ಲಿ ಸಂಖ್ಯೆ ಓದಿಕೊಂಡು, ಮನೆಗೆ ಬಂದು ಸ್ಥಿರ ದೂರವಾಣಿಯಿಂದ ನನಗೆ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಮೂರು ಸಲ ಹಾಗಾದ ಮೇಲೆ ಅವರೇ ಹೇಳಿದರು, "ನಿಮ್ಮ ನಂಬರನ್ನೇ ಹಾಕಿ ಅತ್ಲಾಗೆ." ಹಾಕಿದೆ. ಅವರಿಗೆ ಹಾಕಿದವಳು ಎಲ್ಲರಿಗೂ ಹಾಕಿದೆ. ಇನ್ನೂರು ಜನರಿಗೆ ನನ್ನ ನಂಬರು, ನನ್ನ ಇಮೇಲು, ಒಂದೇ ಅಚ್ಚಿನ ಪಾಸ್‌ವರ್ಡು. ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದೆ. ಮೂರೂ ಊರಿನಲ್ಲಿ ನಮ್ಮಂಥವರೆಲ್ಲ ಹೀಗೆಯೇ ಮಾಡುತ್ತಿದ್ದೆವು, ಈಗಲೂ ಮಾಡುತ್ತಾರೆ. ಇನ್ನೂರು ಮನೆಯ ಬೀಗದ ಕೈ ನನ್ನ ಸೊಂಟದಲ್ಲಿದೆ ಎಂದು ನನಗೆ ಜಂಬವೂ ಇತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಅದರಿಂದ ಒಳ್ಳೆಯದಾದದ್ದೂ ಇದೆ. ಯಲ್ಲಾಪುರದ ರಜಾಕ್ ಸಾಹೇಬರಿಗೆ ಎರಡು ಲಾರಿಗಳಿದ್ದವು, ಒಂದನ್ನು ಅವರೇ ಓಡಿಸುತ್ತಿದ್ದರು. ವರ್ಷದ ಅರ್ಧ ಅರಬೈಲು ಘಟ್ಟದಲ್ಲೇ ಇರುವವರು. ಅವರಿಗೆ ಬಾಡಿಗೆ ಕೊಡುತ್ತಿದ್ದ ಒಂದು ಕಂಪನಿ, ಹಿಡಿದುಕೊಂಡ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವಾಗ ಪ್ಯಾನ್ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಿಸಿತು. ರಜಾಕ್ ಸಾಹೇಬರ ತೆರಿಗೆ ಯಾರೋ ಕಾಣದ ಪುಣ್ಯಾತ್ಮನ ಖಾತೆಗೆ ಹೋಯಿತು. ಖಾತೆ ನನ್ನ ನಂಬರಿನಲ್ಲಿದ್ದುದರಿಂದ ಅವರನ್ನು ಘಟ್ಟದಿಂದ ಕರೆಸದೆ ನಾನೇ ಸರಿಮಾಡಿಸಿದೆ, ಆದರೂ ಎರಡು ವರ್ಷ ಹಿಡಿಯಿತು. ಕಂಪನಿಯ ಗುಮಾಸ್ತ ಫೋನ್ ಎತ್ತುತ್ತಿರಲಿಲ್ಲ. ಎತ್ತಿದರೆ, "ನಮ್ಮ ಕಡೆಯಿಂದ ಸರಿ ಇದೆ" ಎನ್ನುತ್ತಿದ್ದ. ತಪ್ಪು ಮಾಡಿದವನು ಫ್ಯಾನಿನ ಕೆಳಗೆ ಕೂತಿರುತ್ತಾನೆ, ತಪ್ಪು ಮಾಡದವನು ಕಾಗದ ಹಿಡಿದು ಓಡಾಡಬೇಕು. ಈ ವ್ಯವಸ್ಥೆಯನ್ನು ಯಾವ ಮಹಾನುಭಾವ ಕಂಡುಹಿಡಿದನೋ, ಅವನನ್ನು ಒಂದು ದಿನ ನನ್ನ ಕುರ್ಚಿಯಲ್ಲಿ ಕೂರಿಸಬೇಕು ಅಂತ ಆಗ ಅನಿಸಿತ್ತು.

"ಲೀಲಕ್ಕ, ಗಾಡಿ ಪಲ್ಟಿ ಆದ್ರೆ ಕ್ರೇನ್ ಬರ್ತದೆ. ಈ ನಂಬರು ಪಲ್ಟಿ ಆದ್ರೆ ಎತ್ತೂಕೆ ಯಾರು ಬರ್ತಾರೆ ಹೇಳಿ" ಎಂದಿದ್ದರು ರಜಾಕ್ ಸಾಹೇಬರು.

ಅದೇ ರಜಾಕ್ ಸಾಹೇಬರು ಇನ್ನೊಂದು ದಿನ, ಕೆಲಸ ಮುಗಿದು ಏಳುವ ಹೊತ್ತಿಗೆ, "ನನ್ನ ತಂಗಿ ಮಗಳಿಗೆ ಕಿವಿ ಕೇಳೂದಿಲ್ಲ. ಅವಳನ್ನ ನಾನೇ ಸಾಕ್ತಿದ್ದೇನೆ. ಟ್ಯಾಕ್ಸಲ್ಲಿ ಅದಕ್ಕೆ ಏನಾದ್ರೂ ಉಂಟಾ?" ಎಂದು ಕೇಳಿದರು. ಪುಸ್ತಕ ತೆಗೆದು ನೋಡಿದೆ. ತಂಗಿಯ ಮಗಳಿಗೆ ಇರಲಿಲ್ಲ. ಆದರೆ ಅಂಗವೈಕಲ್ಯವಿದ್ದು ನಮ್ಮ ಆಶ್ರಯದಲ್ಲೇ ಇರುವ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರಿಗಾಗಿ ವಿನಾಯಿತಿ ಇತ್ತು. ಆ ಕಲಮು ನನಗೆ ಗೊತ್ತಿಲ್ಲದ್ದೇನಲ್ಲ. ಅಂದು 'ತಮ್ಮ' ಎಂಬ ಶಬ್ದದ ಮೇಲೆ ಕಣ್ಣು ನಿಂತುಬಿಟ್ಟಿತು. ನನ್ನ ಕಣ್ಣಮುಂದೆ ಬಂದದ್ದು ಒಂದು ಜೊತೆ ಚಪ್ಪಲಿ.

ಕಾನಸೂರಿನ ಹತ್ತಿರ ವಿಮಲಾ ಟೀಚರ್ ಎಂದು ನನ್ನ ಒಬ್ಬ ಕಕ್ಷಿದಾರರು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಕಾಗದದ ಕಾಲದಲ್ಲಿ ನಾನು ವರ್ಷಕ್ಕೊಮ್ಮೆ ಸಿದ್ದಾಪುರದ ಬಸ್ಸು ಹತ್ತಿ ಆ ಕಡೆಯವರ ಸಹಿ ತರಲು ಹೋದರೆ, ಮಧ್ಯಾಹ್ನದ ಊಟ ಅವರ ಮನೆಯಲ್ಲಿ. ಅವರ ತಮ್ಮ ಮಂಜುವಿಗೆ ಹುಟ್ಟಿದಾಗಿನಿಂದ ಒಂದು ಕೈ ಮಡಚಿಕೊಂಡೇ ಇದೆ, ನಡಿಗೆ ಎಳೆದ ಹಾಗೆ, ಮಾತು ಅಕ್ಕನಿಗೆ ಮಾತ್ರ ತಿಳಿಯುತ್ತದೆ. ನಾವು ಊಟ ಮಾಡುವಾಗ ಅವನು ಒಳಗೇ ಇರುತ್ತಿದ್ದ. ಊಟ ಮುಗಿಸಿ ಹೊರಗೆ ಬಂದರೆ ಮೆಟ್ಟಿಲ ಬಳಿ ನನ್ನ ಚಪ್ಪಲಿ ಹೊರಮುಖವಾಗಿ ತಿರುಗಿ ಒಂದಕ್ಕೊಂದು ತಾಗಿ ಕೂತಿರುತ್ತಿತ್ತು, ಕಾಲು ತೂರಿಸಿದರೆ ನೇರ ಹೊರಡುವ ಹಾಗೆ. ಅದು ಮಂಜುವಿನ ಕೆಲಸ. ಯಾರೇ ಬಂದರೂ ಅವನು ಹಾಗೆ ಮಾಡುತ್ತಿದ್ದ. ಹನ್ನೊಂದು ವರ್ಷ ಅವನು ನನ್ನ ಚಪ್ಪಲಿ ತಿರುಗಿಸಿಟ್ಟಿದ್ದಾನೆ. ಹನ್ನೊಂದು ವರ್ಷ ನಾನು ಅವನಕ್ಕನ ರಿಟರ್ನಿನಲ್ಲಿ 'ಆಶ್ರಿತರು ಇಲ್ಲ' ಎಂದು ಬರೆದಿದ್ದೇನೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರೂ ಬಹಳ ಸಭ್ಯರು.

ಮರುವಾರವೇ ಟೀಚರಿಗೆ ಆ ವಿನಾಯಿತಿಯ ವಿಷಯ ಹೇಳಿದೆ.

"ಅವನ ಕೈ ಹಿಂಗಿದೆ ಹೇಳಿ ತೋರ್ಸಿ ದುಡ್ಡು ಉಳ್ಸೂದಾ?" ಎಂದರು.

"ತೋರ್ಸೋದಲ್ಲ್ರಿ ಟೀಚರ್, ಇದ್ದದ್ದನ್ನ ಇದ್ದಂಗ ಬರಿಯೋದು. ನೀವು ಅವನನ್ನ ಸಾಕಿದ್ದು ಖರೇ ಹೌದಲ್ಲೋ? ಕಾನೂನು ಅದನ್ನೇ ಕೇಳ್ತೈತಿ" ಎಂದೆ.

ಒಪ್ಪಿಸಲು ಎರಡು ಸಲ ಹೋಗಬೇಕಾಯಿತು. ಕಾರವಾರದ ಆಸ್ಪತ್ರೆಯ ವೈದ್ಯಮಂಡಳಿಯ ಮುಂದೆ ಮಂಜುವನ್ನು ಕರೆದುಕೊಂಡು ಹೋಗಿ ಪ್ರಮಾಣಪತ್ರ ಮಾಡಿಸಿದರು. ಬಸ್ಸಿನಲ್ಲಿ ಅವನು ಉದ್ದಕ್ಕೂ ಕಿಟಕಿ ಬಿಟ್ಟು ತಲೆ ತಿರುಗಿಸಲಿಲ್ಲವಂತೆ. ಆ ವರ್ಷದಿಂದ ರಿಟರ್ನಿನಲ್ಲಿ ಮಂಜು ಇದ್ದ. ಮೂರು ವರ್ಷ ಯಾವ ತಕರಾರೂ ಬರಲಿಲ್ಲ.

ಈಗ ಆ ಮನುಷ್ಯನ ವಿಷಯ ಬರೆಯಬೇಕು. ಘಟ್ಟದಾಚೆ ಬಯಲುಸೀಮೆಯಿಂದ ಒಬ್ಬ ರಿಫಂಡ್ ಏಜೆಂಟ್ ಬರತೊಡಗಿದ. ಬೈಕು, ಲ್ಯಾಪ್‌ಟಾಪು, ಇಸ್ತ್ರಿ ಮಾಡಿದ ಅಂಗಿ. ಶಾಲೆಗಳ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕೂತು, ಸಂಬಳದಲ್ಲಿ ಹಿಡಿದ ತೆರಿಗೆಯೆಲ್ಲ ವಾಪಸು ಬರುವ ಹಾಗೆ ಮಾಡಿಕೊಡುತ್ತೇನೆ ಎನ್ನುತ್ತಿದ್ದ. ಬಂದದ್ದರಲ್ಲಿ ಅವನಿಗೊಂದು ಪಾಲು. ಮಾಡುವುದು ಹೇಗೆ? ಇಲ್ಲದ ಬಾಡಿಗೆ ಮನೆ, ಕೊಡದ ದೇಣಿಗೆ, ತೆಗೆಯದ ಸಾಲ. ಎಲ್ಲಕ್ಕಿಂತ ಸುಲಭದ್ದು ಅಂಗವೈಕಲ್ಯ. ತಾಲೂಕಿನ ಕಬಡ್ಡಿಯಲ್ಲಿ ಎದುರಾಳಿಗಳನ್ನು ಹೊತ್ತು ಎಸೆಯುತ್ತಿದ್ದ ಒಬ್ಬ ಪಿ.ಟಿ. ಮಾಸ್ತರರು ಅವನ ಕೈಯಲ್ಲಿ ತೀವ್ರ ಅಂಗವಿಕಲರಾದರು. ಆ ರಿಫಂಡಿನಿಂದ ಮಾಸ್ತರರು ಹೊಸ ಬೈಕು ತೆಗೆದುಕೊಂಡು ನನ್ನ ಆಫೀಸಿನ ಮುಂದೆಯೇ ನಿಲ್ಲಿಸಿ, "ಲೀಲಕ್ಕ, ನೀವು ಇಷ್ಟು ವರ್ಷ ನಮ್ಗೆ ಎಂತ ಮಾಡಿಕೊಟ್ರಿ?" ಎಂದು ಕೇಳಿ ನಕ್ಕರು. ಅಕ್ಷರ ಕಲಿಸುವವರು! ಓದದೆ ಸಹಿ ಹಾಕಿದೆವು ಎಂದು ಆಮೇಲೆ ಅತ್ತರು. ಮಕ್ಕಳು ಓದದೆ ಬಂದರೆ ಬೆಂಚಿನ ಮೇಲೆ ನಿಲ್ಲಿಸುವವರು ಇವರೇ.

ಆ ಸುಳ್ಳುಗಳೆಲ್ಲ ಒಂದೇ ಕಡೆಯಿಂದ, ಒಂದೇ ರೀತಿಯಲ್ಲಿ ಹೋದದ್ದು ಇಲಾಖೆಯ ಕಂಪ್ಯೂಟರಿಗೆ ಕಾಣದೆ ಇರುತ್ತದೆಯೇ? ನೋಟಿಸುಗಳು ಬಂದವು. ಅಂಗವೈಕಲ್ಯದ ವಿನಾಯಿತಿ ಕೇಳಿದವರೆಲ್ಲರೂ ಮೂವತ್ತು ದಿನದೊಳಗೆ ಪ್ರಮಾಣಪತ್ರದ ವಿವರ ಕೊಡಬೇಕು, ಇಲ್ಲದಿದ್ದರೆ ವಿನಾಯಿತಿ ರದ್ದು. ಏಜೆಂಟ್ ಫೋನ್ ಬಂದ್ ಮಾಡಿ ಮಾಯವಾದ. ನಾನು ಒಳಗೊಳಗೇ ಖುಷಿಪಟ್ಟೆ. ನನ್ನ ಕಕ್ಷಿದಾರರಲ್ಲಿ ಇಂಥ ಕಳ್ಳ ಕೆಲಸ ಒಂದೂ ಇಲ್ಲ ಎಂದು ಬೀಗಿದೆ.

ಹಾಗೆ ಬೀಗುತ್ತಿದ್ದಾಗಲೇ ನನ್ನ ಫೋನಿನಲ್ಲಿ ಒಂದು ಸಂದೇಶ ಇತ್ತು. ಪ್ಯಾನ್ ಸಂಖ್ಯೆಯ ಮೊದಲ ಎರಡು, ಕೊನೆಯ ಎರಡು ಅಕ್ಷರ ಬಿಟ್ಟು ಉಳಿದದ್ದಕ್ಕೆಲ್ಲ ಗೀಟು ಹೊಡೆದು, ಈ ಪ್ಯಾನಿನವರಿಗೆ ಸೂಚನೆ ಕಳಿಸಿದೆ, ಇಮೇಲ್ ನೋಡಿ ಎಂದು ಬರೆದಿತ್ತು. ಇನ್ನೂರು ಜನರಲ್ಲಿ ಯಾರದು? ಗೊತ್ತಾಗಲಿಲ್ಲ. ಇಮೇಲಿನ ಪೆಟ್ಟಿಗೆಯಲ್ಲಿ ಸಾವಿರಾರು ಪತ್ರಗಳು ತುಂಬಿಹೋಗಿದ್ದವು. ರಿಟರ್ನಿನ ಕೊನೆಯ ದಿನ ಹತ್ತಿರ ಬಂದಿತ್ತು. ವರ್ಷವಿಡೀ ನೆನಪಾಗದ ತೆರಿಗೆ ಕೊನೆಯ ವಾರ ನೆನಪಾಗಿ ಜನ ಮಹಡಿ ಮೆಟ್ಟಿಲ ತುಂಬ ನಿಂತಿದ್ದರು. ಒಬ್ಬರು ಬ್ಯಾಂಕ್ ಪಾಸ್‌ಬುಕ್ಕಿನ ಬದಲು ರೇಷನ್ ಕಾರ್ಡು ತಂದಿದ್ದರು. ಪೋರ್ಟಲ್ ತಿರುಗುವ ಚಕ್ರ ತೋರಿಸುತ್ತಿತ್ತು. ಆಮೇಲೆ ನೋಡೋಣ ಎಂದು ಸಂದೇಶವನ್ನು ಬದಿಗೆ ಸರಿಸಿದೆ. ಅದರ ಮೇಲೆ ಐವತ್ತು ಓಟಿಪಿಗಳು ಬಂದು ಕೂತವು. ಆಮೇಲೆ ನೋಡಲಿಲ್ಲ. ಆ ಮೂವತ್ತು ದಿನಗಳು ಹೋದವು.

ಅದು ವಿಮಲಾ ಟೀಚರಿನ ನೋಟಿಸು. ರಿಟರ್ನಿನಲ್ಲಿ ಹೊಸದಾಗಿ ಬಂದಿದ್ದ ಅಂಕಣದಲ್ಲಿ ಮಂಜುವಿನ ಪ್ರಮಾಣಪತ್ರದ ಸಂಖ್ಯೆ ತುಂಬಬೇಕಿತ್ತು. ಕಡ್ಡಾಯವಿಲ್ಲ ಎಂದು ನಾನು ಖಾಲಿ ಬಿಟ್ಟಿದ್ದೆ. ಕಂಪ್ಯೂಟರು ಅವರನ್ನು ಕಬಡ್ಡಿ ಮಾಸ್ತರರ ಸಾಲಿನಲ್ಲಿ ನಿಲ್ಲಿಸಿತು.

ಅವರಿಗೆ ತಿಳಿದದ್ದು ಸ್ಟಾಫ್ ರೂಮಿನಲ್ಲಿ. ನೋಟಿಸು ಬಂದ ಸಹೋದ್ಯೋಗಿಗಳೆಲ್ಲ ಒಬ್ಬರ ಖಾತೆ ಒಬ್ಬರು ತೆಗೆದು ನೋಡುತ್ತಿದ್ದಾಗ, ನಿಮ್ಮದೂ ನೋಡೋಣ ಎಂದು ಅವರದನ್ನೂ ತೆರೆಯಲು ಹೋದರಂತೆ. ಪಾಸ್‌ವರ್ಡ್ ಟೀಚರಿಗೆ ಗೊತ್ತಿಲ್ಲ. ನನಗೆ ಫೋನ್ ಮಾಡಿ ಕೇಳಿದರು, ನಾನು ಯಾವುದೋ ಗಡಿಬಿಡಿಯಲ್ಲಿ ಯಾಕೆ ಎಂದೂ ಕೇಳದೆ ಹೇಳಿದೆ. ತೆರೆದರೆ ವಿನಾಯಿತಿ ರದ್ದಾಗಿ, ತೆರಿಗೆ ಬಡ್ಡಿ ಕಟ್ಟಲು ಆದೇಶವಾಗಿತ್ತು. ಕಾರಣ, ಅಂಗವೈಕಲ್ಯದ ವಿನಾಯಿತಿಗೆ ಆಧಾರವಿಲ್ಲ. "ಓಹೋ, ಟೀಚರ್, ನೀವೂ ಅವನ ಹತ್ರನೇ ಮಾಡ್ಸಿದ್ದಾ? ಮತ್ತೆ ನಮ್ಗೆ ಉಪದೇಶ ಮಾಡ್ತಿದ್ರಿ!" ಎಂದು ಪಿ.ಟಿ. ಮಾಸ್ತರರು ಎಲ್ಲರೆದುರು ನಕ್ಕರಂತೆ.

ಮರುದಿನ ಬೆಳಗ್ಗೆ ಟೀಚರ್ ನನ್ನ ಆಫೀಸಿನಲ್ಲಿ ಇದ್ದರು. ನಾನು ಕುಂದರ್ರಿ ಎಂದರೂ ಕೂರಲಿಲ್ಲ. ನನ್ನ ಜೊತೆ ಯಾವಾಗಲೂ ಪೇಟೆಯ ಕನ್ನಡ ಮಾತಾಡುವವರು ಅಂದು ಮನೆಮಾತಿಗೆ ಇಳಿದಿದ್ದರು.

"ಕಟ್ಟೂದಾದ್ರೆ ಕಟ್ತೆ. ಆದ್ರೆ ಕಾಪಿ ಹೊಡಿಯಡಿ ಹೇಳಿ ಆನು ಮಕ್ಕಳ ಎದುರು ಹೇಂಗೆ ನಿಲ್ತೆ ಲೀಲಕ್ಕ? ಮಂಜು ಇಲ್ಲೆ ಹೇಳಿ ಬರದ್ದ ಅವು. ಇಲ್ಲದ ತಮ್ಮನ್ನ ತೋರ್ಸಿದ್ದೆ ಹೇಳಿ ಆತಲ್ಲ."

ನೋಟಿಸು ನನಗೆ ಬಂದಿತ್ತು, ನಾನು ನೋಡಲಿಲ್ಲ ಎಂದೆ. ಇಲಾಖೆಯ ಮೇಲೆ, ಗೀಟು ಹೊಡೆದ ಸಂದೇಶದ ಮೇಲೆ, ಆ ಏಜೆಂಟನ ಮೇಲೆ, ಬೈಕಿನ ಮಾಸ್ತರರ ಮೇಲೆ ಕೂಗಾಡಿದೆ. ಟೀಚರ್ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಹನ್ನೊಂದು ವರ್ಷ ಅವನನ್ನ ನೀವೂ ಬರೀಲಿಲ್ಲ, ನಾನೂ ಬರ್ಸಿಲ್ಲ. ಈಗ ಅವ ಇಲ್ಲ ಹೇಳಿ ಬೇರೆಯವ್ರು ಬರೆದ್ರೆ ಸಿಟ್ಟು ಮಾಡೂಕೆ ನಾವಿಬ್ರು ಯಾರು?" ಎಂದು ಹೊರಟುಹೋದರು.

ಉಳಿದ ದಾರಿ ಮೇಲ್ಮನವಿ. ರದ್ದಿನ ಆದೇಶವೂ ನನ್ನ ಇಮೇಲಿಗೇ ಬಂದು ಬಿದ್ದಿದ್ದರಿಂದ ಅದಕ್ಕೂ ಅವಧಿ ಮೀರಿತ್ತು. ತಡವಾದದ್ದಕ್ಕೆ ಕಾರಣ ಬರೆದು ಮನ್ನಿಸಿ ಎಂದು ಕೇಳಬೇಕು. ಸಲಹೆಗೆ ಊರಿನ ಒಬ್ಬ ತರುಣ ಚಾರ್ಟರ್ಡ್ ಅಕೌಂಟೆಂಟನ ಹತ್ತಿರ ಹೋದೆ. ಒಳ್ಳೆಯ ಹುಡುಗ, ಬುದ್ಧಿವಂತ. "ಅಕ್ಕಾ, ಟೀಚರಿಗೆ ಹುಷಾರಿರಲಿಲ್ಲ ಅಂತ ಬರೀರಿ. ಇಲ್ಲಾಂದ್ರೆ ಕಾಡಿನ ಊರು, ನೆಟ್‌ವರ್ಕ್ ಇಲ್ಲ ಅಂತ ಹಾಕಿ. ಎಲ್ಲರೂ ಅದನ್ನೇ ಹಾಕೋದು" ಎಂದ. ಎಲ್ಲರೂ ಅದನ್ನೇ ಹಾಕುವುದು! ಒಬ್ಬ ಹೆಂಗಸು ಸುಳ್ಳು ಹೇಳಿಲ್ಲ ಎಂದು ಸಾಬೀತು ಮಾಡಲು ಅವಳ ಹೆಸರಲ್ಲಿ ಇನ್ನೊಂದು ಸುಳ್ಳು ಬರೆಯಬೇಕಂತೆ. ಅವನ ಮೇಲೆ ರೇಗಿದೆ. ಪಾಪ, ಅವನಿಗೆ ನಾನು ಯಾಕೆ ರೇಗಿದೆ ಎಂದೇ ಗೊತ್ತಾಗಲಿಲ್ಲ. ಕಾರ್ಬನ್ ಕಂಪನಿಯ ಮೇಲೆ ತಪ್ಪು ಹೊರಿಸಿದ ವಕೀಲರು ನನಗೆ ನೆನಪಾಗಿದ್ದರು.

ನಾನೇ ಕೂತು ಒಂದು ಅಫಿಡವಿಟ್ ಬರೆದೆ. ಇವರ ಖಾತೆಗೆ ನನ್ನ ಫೋನ್ ನಂಬರು ಹಾಕಿದವಳು ನಾನು, ಒಟ್ಟು ಇನ್ನೂರು ಜನರಿಗೆ ಅದೇ ನಂಬರು ಹಾಕಿದ್ದೇನೆ, ಸೂಚನೆ ಬಂದದ್ದು ನನಗೆ, ನೋಡದೆ ಬಿಟ್ಟದ್ದು ನಾನು, ತಡವಾದದ್ದರಲ್ಲಿ ಇವರ ತಪ್ಪು ಏನೂ ಇಲ್ಲ. ಶಿರಸಿಯ ಕೋರ್ಟಿನ ಹತ್ತಿರ ನೋಟರಿಯವರು ಸ್ಟಾಂಪ್ ಪೇಪರ್ ಓದಿ ಕನ್ನಡಕ ತೆಗೆದರು. "ಎಂತ ಲೀಲಕ್ಕ, ಸ್ವಂತ ತಪ್ಪನ್ನ ಸ್ಟಾಂಪ್ ಪೇಪರಲ್ಲಿ ಬರ್ಸೂಕೆ ಬಂದವ್ರನ್ನ ನಾನು ಇದೇ ಮೊದ್ಲು ನೋಡ್ತಿದ್ದೇನೆ. ಗಿರಾಕಿ ಉಳೀತಾರಾ ನಿಮ್ಗೆ?" ಎಂದರು. ಉಳಿಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಮೂವತ್ತು ವರ್ಷ ಕೂಡಿಟ್ಟ ಹೆಸರೊಂದೇ ನನ್ನ ಆಸ್ತಿ. ಸಹಿ ಹಾಕಿದೆ.

ಮೇಲ್ಮನವಿ ಸಲ್ಲಿಸಿ ಬಂದು ನೋಟ್‌ಬುಕ್ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ನಿಮ್ಮ ನಂಬರು ಹಾಕುತ್ತೇನೆ, ನಿಮ್ಮ ಪಾಸ್‌ವರ್ಡು ನೀವೇ ಇಟ್ಟುಕೊಳ್ಳಿ ಎಂದೆ. ಅರ್ಧ ಜನ ಬೈದರು, ವಯಸ್ಸಾಯಿತು ಎಂದು ಕೆಲಸ ತಪ್ಪಿಸಿಕೊಳ್ಳುತ್ತೀರಾ ಎಂದು ಕೇಳಿದರು. ರಜಾಕ್ ಸಾಹೇಬರು ಮಾತ್ರ ಲಾರಿಯನ್ನು ಬದಿಗೆ ನಿಲ್ಲಿಸಿ, "ಕೊಡಿ ಲೀಲಕ್ಕ, ನಮ್ದು ಸ್ಟೇರಿಂಗ್ ನಮ್ ಕೈಲಿರ್ಲಿ" ಎಂದರು. ವಿಮಲಾ ಟೀಚರಿಗೆ ಹೇಳುವ ಮೊದಲೇ ಅವರು ತಮ್ಮ ನಂಬರನ್ನು ತಾವೇ ಹಾಕಿಕೊಂಡಿದ್ದರು. ಆ ವರ್ಷದ ಕೊನೆಗೆ ನಾನು ಮಹಡಿ ಕೋಣೆಯ ಕೀಲಿಯನ್ನು ಮಾಲೀಕರಿಗೆ ಕೊಟ್ಟೆ.

ಮೇಲ್ಮನವಿಯ ಆದೇಶ ಬರಲು ಬಹಳ ತಿಂಗಳು ಹಿಡಿಯಿತು. ಒಂದು ಭಾನುವಾರ ಬೆಳಗ್ಗೆ ಟೀಚರ್ ಮಂಜುವನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವನು ಒಳಗೆ ಬರಲಿಲ್ಲ, ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಚಪ್ಪಲಿಗಳ ಕೆಲಸ ಶುರುಮಾಡಿದ. ಆದೇಶ ಈ ಸಲ ಟೀಚರಿನ ಫೋನಿಗೇ ಬಂದಿತ್ತು. ಅದನ್ನು ಮುದ್ರಿಸಿ ತಂದಿದ್ದರು. ವಿನಾಯಿತಿ ಪೂರ್ತಿ ಒಪ್ಪಿದ್ದರು. ಮಂಜುವಿನ ಪೂರ್ತಿ ಹೆಸರು ಇತ್ತು, ಅಕ್ಕನ ಆಶ್ರಯದಲ್ಲಿರುವ ತಮ್ಮ ಎಂದು ಬರೆದಿತ್ತು. ಅದೇ ಪುಟದಲ್ಲಿ, ನಾಲ್ಕು ಸಾಲು ಕೆಳಗೆ, ವಿಳಂಬಕ್ಕೆ ಅರ್ಜಿದಾರರು ಕಾರಣರಲ್ಲ, ಅವರ ರಿಟರ್ನ್ ತುಂಬಿದ ಇಂಥವರ ನಿರ್ಲಕ್ಷ್ಯವೇ ಕಾರಣ ಎಂದು ನನ್ನ ಹೆಸರೂ ಇತ್ತು.

"ಇದರ ನಾಲ್ಕು ಪ್ರತಿ ತೆಕ್ಕೊಡ್ತೀರಾ? ಸ್ಟಾಫ್ ರೂಮಿನ ಬೋರ್ಡಿಗೆ ಒಂದು ಹಚ್ಚೂದಿದೆ" ಎಂದರು ಟೀಚರ್. ನಮ್ಮ ಮನೆಯಲ್ಲಿ ನನ್ನ ಹಳೆಯ ಪ್ರಿಂಟರ್ ಇನ್ನೂ ಇದೆ, ಪ್ರತಿಯನ್ನೂ ತೆಗೆಯುತ್ತದೆ. ಹಾಳೆಯನ್ನು ಗಾಜಿನ ಮೇಲೆ ಇಡುವಾಗ ಅವರು ಚೀಲದಿಂದ ಬೆರಳಗಲದ ಒಂದು ಬಿಳಿ ಕಾಗದದ ಪಟ್ಟಿ ತೆಗೆದರು. ಮನೆಯಲ್ಲೇ ಅಳತೆ ನೋಡಿ ನೇರವಾಗಿ ಕತ್ತರಿಸಿ ತಂದಿದ್ದರು.

"ನಿಮ್ಮ ಹೆಸರಿನ ಸಾಲಿನ ಮೇಲೆ ಇದನ್ನ ಇಟ್ಟು ತೆಗೀರಿ. ಮಂಜು ಹೆಸರು ಕಂಡ್ರೆ ನಂಗೆ ಸಾಕು."

ಆ ಪಟ್ಟಿಯನ್ನು ನೋಡಿ ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಯಾರ ಮೇಲೆ ಎಂದು ಆಗ ಯೋಚಿಸಲಿಲ್ಲ.

"ಮುಚ್ಚಬ್ಯಾಡ್ರಿ ಟೀಚರ್. ಮುಚ್ಚಿ ಮುಚ್ಚೇ ಹನ್ನೊಂದು ವರ್ಷ ಹಾಳು ಮಾಡೇವಿ" ಎಂದೆ.

ಪಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು ಮುಚ್ಚಳ ಹಾಕಿ ಗುಂಡಿ ಒತ್ತಿದೆ. ನಾಲ್ಕು ಪ್ರತಿ ಬಂದವು. ಮಂಜುವಿನ ಹೆಸರೂ ನನ್ನ ಹೆಸರೂ ನಾಲ್ಕರಲ್ಲೂ ಒಂದೇ ಸಮನೆ ಕಪ್ಪಾಗಿ ಮೂಡಿದ್ದವು.